ಚಿತ್ರಕಾರರು ಕಂಡ ಬೀದರ

ಒಂದು ಊರಿನ ಅರಸರ ಹೆಸರುಗಳನ್ನು ಶಾಸನಗಳು ಹೇಳುತ್ತವೆ. ಅವರ ಕದನಗಳನ್ನು ತವಾರೀಖುಗಳು ಹೇಳುತ್ತವೆ. ಆದರೆ ಆ ಊರು ನೋಡುವ ಕಣ್ಣಿಗೆ ಹೇಗಿದ್ದಿತೆಂಬುದನ್ನು ತಿಳಿಯಬೇಕಾದರೆ ಚಿತ್ರಕಾರನನ್ನೇ ಆಶ್ರಯಿಸಬೇಕು. ಬೆಂಗಳೂರಿಗೆ ಈ ಭಾಗ್ಯ ದೊರೆತಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಬೆನ್ನಿಗೆ ಬಂದ ರಾಬರ್ಟ್ ಹೋಮ್ ಅಲ್ಲಿಯ ಕೋಟೆಯನ್ನು ಬರೆದನು. 1794ರಲ್ಲಿ ಅವನ ಚಿತ್ರಸಂಪುಟ ಅಚ್ಚಾಯಿತು. ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆ ಕಂಡ ರುಮಾಲೆ ಚನ್ನಬಸವಯ್ಯನವರು (1910–1988) ಅದೇ ಊರಿನ ಬೀದಿಗಳನ್ನೂ ಹೂಬಿಟ್ಟ ಮರಗಳನ್ನೂ ಬಣ್ಣದಲ್ಲಿ ಉಳಿಸಿ ಹೋದರು.

ಬೀದರಕ್ಕೆ ಇಂಥವರು ವಿರಳ. ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ. ಆಂಗ್ಲ ಚಿತ್ರಕಾರನು ನಡೆದದ್ದು ಬಹುಮಟ್ಟಿಗೆ ದಂಡಿನ ದಾರಿಯಲ್ಲಿ. ನಿಜಾಮರ ಸೀಮೆಗೆ 1724ರಲ್ಲಿ ಸೇರಿದ ಬೀದರದಲ್ಲಿ ಟಿಪ್ಪುವಿನ ಯುದ್ಧದಂಥ, ಲಂಡನ್ನಿನ ಜನ ಹಣ ಕೊಟ್ಟು ನೋಡಬಯಸುವ ಘಟನೆ ಏನೂ ನಡೆಯಲಿಲ್ಲ.

ಹಾಗೆಂದು ಬೀದರದಲ್ಲಿ ಚಿತ್ರಕಾರರೇ ಇರಲಿಲ್ಲವೆಂದು ತಿಳಿಯಬಾರದು. ಹೋಮ್‌ನಿಗಿಂತ ಮೂರೂವರೆ ಶತಮಾನ ಮೊದಲೇ ಅವರು ಇಲ್ಲಿದ್ದರು. ಆದರೆ ಅವರು ಊರಿನ ಚಿತ್ರ ಬರೆಯಲಿಲ್ಲ, ಊರಿನ ಮೇಲೆಯೇ ಚಿತ್ರ ಬರೆದರು. ಸುಮಾರು 1470ರಲ್ಲಿ ಇಲ್ಲಿಗೆ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನ್, ಸುಲ್ತಾನನ ಅರಮನೆಯ ಕಲ್ಲುಕಲ್ಲಿಗೂ ಕೆತ್ತನೆ ಮತ್ತು ಚಿನ್ನದ ಲೇಪ ಇರುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ತಖ್ತ ಮಹಲಿನ ಕಮಾನಿನ ಮೇಲೆ ಹುಲಿಯೂ ಅದರ ಬೆನ್ನ ಹಿಂದೆ ಮೂಡುವ ಸೂರ್ಯನೂ ಬಣ್ಣದ ಹೆಂಚಿನಲ್ಲಿ ಮೂಡಿದ್ದವು. ರಂಗೀನ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪನ್ನು ಕೂಡಿಸಿದ್ದಾರೆ.

ಈ ಎಲ್ಲದರ ಶಿಖರವೆಂದರೆ ಅಷ್ಟೂರು. ಊರಿನ ಪೂರ್ವಕ್ಕೆ, ಹೊಲಗಳ ನಡುವೆ ಬಹಮನಿ ಅರಸರ ಗೋರಿಗಳು ಸಾಲಾಗಿ ನಿಂತಿವೆ. ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದ ಅಹಮದ ಷಾ ವಲಿ 1436ರಲ್ಲಿ ತೀರಿಕೊಂಡನು. ಅವನ ಗೋರಿಯ ಹೊರಗೋಡೆ ನೋಡಲು ಸಾದಾ. ಒಳಗೆ ಹೆಜ್ಜೆಯಿಟ್ಟರೆ ಮೊದಲಿಗೆ ಕತ್ತಲೆ. ಕಾವಲುಗಾರನು ಬಾಗಿಲ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಮೇಲಕ್ಕೆ ತಿರುಗಿಸಿದಾಗ ಗುಮ್ಮಟವೆಲ್ಲ ಕೆಂಪು, ನೀಲಿ, ಹೊಂಬಣ್ಣದ ಬಳ್ಳಿಗಳಿಂದ ತುಂಬಿಕೊಳ್ಳುತ್ತದೆ. ಬಳ್ಳಿಗಳ ನಡುವೆ ಚಿನ್ನದ ಅಕ್ಷರಗಳಲ್ಲಿ ಸೂಫಿ ಗುರುಗಳ ಪರಂಪರೆ. ಇದನ್ನು ಬರೆದವನು ಇರಾನಿನ ಕಜ್ವೀನದಿಂದ ಬಂದ ಶುಕ್ರುಲ್ಲಾ. ಮನುಷ್ಯರೂಪ ಒಂದೂ ಇಲ್ಲ, ಊರಿನ ದೃಶ್ಯ ಒಂದೂ ಇಲ್ಲ. ಪಾರಸಿಕರ ಗ್ರಂಥದ ರಟ್ಟಿನ ಮೇಲೆ, ಜಮಖಾನೆಯ ಮೇಲೆ ಕಾಣುವ ವಿನ್ಯಾಸವೇ ಗುಮ್ಮಟಕ್ಕೆ ಏರಿ ಕುಳಿತಂತಿದೆ. ಈ ಅರಸನನ್ನೇ ನಮ್ಮ ಜನ ಅಲ್ಲಮಪ್ರಭುವೆಂದು ಭಾವಿಸಿ ನಡೆದುಕೊಂಡರು. ಹೋಳಿಯ ನಂತರದ ಉರುಸಿಗೆ ಮಾಡಿಯಾಳದಿಂದ ಜಂಗಮರು ಬರುವ ವಾಡಿಕೆ ಇಂದಿಗೂ ಉಂಟು. ಚೌಬಾರಾದ ಬಳಿಯ ಬಿದರಿ ಕೆಲಸಗಾರನು ಕಪ್ಪು ಲೋಹದಲ್ಲಿ ಬೆಳ್ಳಿಯ ಬಳ್ಳಿ ಹಾಯಿಸುವುದನ್ನು ನೋಡಿದಾಗಲೆಲ್ಲ ನನಗಂತೂ ಆ ಗುಮ್ಮಟದ ನೆನಪಾಗುತ್ತದೆ.

ಗೋಡೆಯ ಚಿತ್ರಕ್ಕೆ ಒಂದು ದೊಡ್ಡ ತೊಡಕು ಇದೆ. ಅದನ್ನು ಸುತ್ತಿ ಕಪಾಟಿನಲ್ಲಿಡಲಾಗದು. ಗೋಡೆ ಬಿದ್ದರೆ ಅದೂ ಬಿದ್ದಿತು. 1472ರಲ್ಲಿ ಮುಗಿದ ಮಹಮೂದ ಗವಾನನ ಮದರಸಾದ ಒಂದು ಪಾರ್ಶ್ವವೂ ಒಂದು ಮಿನಾರವೂ ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದಿನ ಸ್ಫೋಟಕ್ಕೆ ಹಾರಿಹೋದವು. ಅದರೊಡನೆ ಅಷ್ಟು ಬಣ್ಣದ ಹೆಂಚೂ ಹೋಯಿತು. ಉಳಿದ ಮಿನಾರದ ಮೇಲಿನ ನೀಲಿ–ಹಳದಿ ತುಣುಕುಗಳಿಂದಲೇ ಹೋದದ್ದನ್ನು ಊಹಿಸಬೇಕು. ಅಷ್ಟೂರಿನಲ್ಲಿ ಹುಮಾಯೂನನ ಗೋರಿಯನ್ನು ಸಿಡಿಲು ಸೀಳಿದೆ. ಶುಕ್ರುಲ್ಲಾನ ಬಣ್ಣವೂ ಕೆಳಗೋಡೆಗಳಲ್ಲಿ ಮಾಸಿದೆ.

1880ರ ದಶಕದಲ್ಲಿ ಲಾಲಾ ದೀನದಯಾಳರು ಇಲ್ಲಿಯ ಕಟ್ಟಡಗಳ ಛಾಯಾಚಿತ್ರ ತೆಗೆದರು. ಹೈದರಾಬಾದು ಸಂಸ್ಥಾನದ ಪುರಾತತ್ವ ಇಲಾಖೆಯ ಗುಲಾಮ ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರದ ಮೇಲಿನ ಗ್ರಂಥ ಚಿತ್ರಪಟಗಳಿಂದಲೂ ನಕ್ಷೆಗಳಿಂದಲೂ ತುಂಬಿದೆ. ಇವರ ಉಪಕಾರ ದೊಡ್ಡದು. ಆದರೆ ದೀನದಯಾಳರ ಕಾಲದ ಛಾಯಾಚಿತ್ರದಲ್ಲಿ ನೀಲಿಯೂ ಕೆಂಪೂ ಒಂದೇ ಬೂದಿ. ಇಬ್ಬರ ಕಣ್ಣೂ ಸಹಜವಾಗಿಯೇ ಕೋಟೆ–ಗೋರಿಗಳ ಮೇಲೆ ನೆಟ್ಟಿತ್ತು. ಕೋಟೆಯ ಹೊರಗೂ ಒಂದು ಬೀದರವಿದೆ: ನಾಲ್ಕು ಬೀದಿ ಕೂಡುವಲ್ಲಿ 71 ಅಡಿ ಎತ್ತರಕ್ಕೆ ನಿಂತ ಚೌಬಾರಾದ ದುಂಡು ಗೋಪುರ, ಕುಸ್ತಿ, ಕಸರತ್ತಿನ ತಾಲೀಮುಗಳಿಂದಲೇ ಹೆಸರು ಪಡೆದ ಸಿದ್ದಿ ತಾಲೀಮು, ಮನಿಯಾರ ತಾಲೀಮು ಮೊದಲಾದ ಓಣಿಗಳು. ರುಮಾಲೆಯವರಂಥ ಒಬ್ಬರು ಈ ಓಣಿಗಳಲ್ಲಿ ಹಲಗೆ ಹೂಡಿ ಕುಳಿತಿದ್ದರೆ! ಹಳೆಯ ಮನೆಗಳು ಕೆಡವಲ್ಪಟ್ಟು ಸಿಮೆಂಟಿನ ಮಾಳಿಗೆಗಳು ಏಳುತ್ತಿರುವ ಈ ದಿನಗಳಲ್ಲಿ ಆ ಕೆಲಸ ತಡವಾಗಿದೆ, ಮುಗಿದುಹೋಗಿಲ್ಲ. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರಲ್ಲಿ ಕೈ ಓಡುವವರು ಕಡಮೆಯೇನಿಲ್ಲ.

ಅವರು ಬೀದರದಲ್ಲಿಯೇ ನಿಲ್ಲಬೇಕೆಂದೂ ಇಲ್ಲ. ಭಾಲ್ಕಿಯ ಕೋಟೆಯಿದೆ, ಔರಾದದ ಅಮರೇಶ್ವರನ ಗುಡಿಯಿದೆ. ಇನ್ನೂ ಒಂದು ದೃಶ್ಯವುಂಟು. ನಿಜಾಮರ ಕಾಲದಲ್ಲಿ, ಅಂದಿನ ಔರಾದ ಸೀಮೆಯ ಕಮಲನಗರದಲ್ಲಿ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಶಾಲೆ ನಡೆಸಿದರು. ಹೊರಗೆ ಬಾಗಿಲ ಮೇಲೆ ಉರ್ದು ಫಲಕ. ಒಳಗೆ ಮಕ್ಕಳು ಕನ್ನಡ ಕಲಿಯುತ್ತಿದ್ದಾರೆ. ಇದನ್ನು ಹೇಳದ ಭಾಷಣಕಾರನು ನಮ್ಮ ಜಿಲ್ಲೆಯಲ್ಲಿ ಇಲ್ಲ. ಬರೆಯಬಲ್ಲ ಕುಂಚ ಬರಲಿ.