ಶಾಲೆಯ ಅಂಗಳದಲ್ಲಿ ಋತುಗಾನ

ಪಂಚಾಂಗವನ್ನು ತೆರೆಯದೆಯೇ ಕಾಲವನ್ನು ಅರಿಯುವ ಬಗೆಗಳು ಹಲವು. ರೈತನು ಮಳೆಯ ನಕ್ಷತ್ರಗಳಿಂದ ಅರಿಯುತ್ತಾನೆ. ಗೃಹಿಣಿ ಮಾರುಕಟ್ಟೆಗೆ ಬಂದ ಸೊಗಡಿನ ಅವರೆಕಾಯಿಯಿಂದ ಅರಿಯುತ್ತಾಳೆ. ಬೆಂಗಳೂರಿನ ಪಡುವಣ ಬಡಾವಣೆಗಳಲ್ಲಿ ವಾಸವಾಗಿರುವ ನನ್ನಂಥವರಿಗೆ ಇನ್ನೊಂದು ಸಾಧನವುಂಟು. ಅದು ಪ್ರೌಢಶಾಲೆಗಳ ಗೋಡೆಯಾಚೆಯಿಂದ ತೇಲಿಬರುವ ಮಕ್ಕಳ ಹಾಡು.

ಜೂನ್ ತಿಂಗಳಿನಲ್ಲಿ ಕೇಳಿಸುವುದು ಬೆಳಗಿನ ಪ್ರಾರ್ಥನೆಯೊಂದೇ. ಹೊಸದಾಗಿ ಸೇರಿದ ಮಕ್ಕಳ ದನಿ ಇನ್ನೂ ಗುಂಪಿನೊಡನೆ ಬೆರೆತಿರುವುದಿಲ್ಲ. ಆಷಾಢದ ಗಾಳಿ ತಗ್ಗುವ ಹೊತ್ತಿಗೆ ಆಗಸ್ಟ್ 15ಕ್ಕಾಗಿ ದೇಶಭಕ್ತಿಗೀತೆಗಳ ಅಭ್ಯಾಸ ಮೊದಲಾಗುತ್ತದೆ. ಭಾದ್ರಪದದಲ್ಲಿ ಗಣಪತಿಯ ಹಾಡು. ಶರನ್ನವರಾತ್ರಿಯಲ್ಲಿ ಶಾರದೆಯ ಸ್ತುತಿ. ನವೆಂಬರ್ ಬಂದರೆ ನಾಡು ನುಡಿಗಳ ಗೀತೆಗಳು, ಅದರ ಹಿಂದು ಮುಂದಿನಲ್ಲಿಯೇ ಕನಕ ಜಯಂತಿ. ಚಳಿಗಾಲ ವಾರ್ಷಿಕೋತ್ಸವದ ಕಾಲ. ಪುಷ್ಯ ಬಹುಳ ಪಂಚಮಿ ತ್ಯಾಗರಾಜರ ದಿನವಾದರೆ ಅದೇ ಮಾಸದ ಅಮಾವಾಸ್ಯೆ ಪುರಂದರದಾಸರ ಪುಣ್ಯದಿನ. ಸಂಗೀತ ಕಲಿಯುವ ಮಕ್ಕಳು ಗೋಷ್ಠಿಗಾಯನದಲ್ಲಿ ಹಿರಿಯರ ಬೆನ್ನ ಹಿಂದೆ ಕುಳಿತು ದನಿಗೂಡಿಸುವುದು ಆಗಲೇ. ಅನಂತರ ಮೌನ. ಆ ಮೌನಕ್ಕೆ ಪರೀಕ್ಷೆಯೆಂದು ಹೆಸರು.

ಈ ಋತುಚಕ್ರವನ್ನು ಯಾವ ಇಲಾಖೆಯೂ ಕುಳಿತು ರಚಿಸಿದ್ದಲ್ಲ. ಹಬ್ಬ, ರಾಷ್ಟ್ರ, ನಾಡು, ಶಾಲೆ ಇವು ನಾಲ್ಕೂ ತಮ್ಮ ತಮ್ಮ ದಿನಗಳನ್ನು ತಂದು ಕೂಡಿಸಿದಾಗ ತಾನಾಗಿ ಮೂಡಿದ್ದು. ಆದುದರಿಂದಲೇ ಅದಕ್ಕೆ ಜೀವವಿದೆ. ಆದುದರಿಂದಲೇ ಅದನ್ನು ಕಾಯುವ ಹೊಣೆ ಯಾರದೆಂಬುದೂ ಸ್ಪಷ್ಟವಿಲ್ಲ.

ನಮ್ಮ ಈ ಭಾಗದಲ್ಲಿ ಇದರ ಮಹತ್ತ್ವ ಸ್ವಲ್ಪ ಹೆಚ್ಚೆಂದೇ ಹೇಳಬೇಕು. ಸ್ವಾತಂತ್ರ್ಯಾನಂತರ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ಹುಟ್ಟಿದ ರಾಜಾಜಿನಗರ ಕಾರ್ಖಾನೆಗಳನ್ನೂ ದುಡಿಯುವ ಜನರನ್ನೂ ಒಟ್ಟಿಗೆ ಬೆಳೆಸಿಕೊಂಡ ಬಡಾವಣೆ. ವಿಜಯನಗರ, ಬಸವೇಶ್ವರನಗರಗಳು ಅದರ ನೆರೆಯಲ್ಲಿ ಹಬ್ಬಿದವು. ಹಿಂದೆ ಊರ ಹೊರಗಣ ಹಳ್ಳಿಯಾಗಿದ್ದ ಕೆಂಗೇರಿಯನ್ನು 2021ರಲ್ಲಿ ಮೆಟ್ರೊ ರೈಲು ಮುಟ್ಟಿತು. ಇಲ್ಲಿಯ ಪ್ರೌಢಶಾಲೆಯ ಒಂದು ತರಗತಿಯಲ್ಲಿ ಮನೆಯಲ್ಲಿ ಕನ್ನಡವಾಡುವ ಮಕ್ಕಳ ಪಕ್ಕದಲ್ಲಿಯೇ ತೆಲುಗು, ತಮಿಳು, ಉರ್ದು, ಮರಾಠಿಗಳನ್ನಾಡುವ ಮಕ್ಕಳು ಕುಳಿತಿರುತ್ತಾರೆ. ಅವರಲ್ಲಿ ಅನೇಕರಿಗೆ ಕನ್ನಡ ಮೊದಲು ರುಚಿಸುವುದು ವ್ಯಾಕರಣದಿಂದಲ್ಲ, ಹಾಡಿನಿಂದ. ಹ್ರಸ್ವ ದೀರ್ಘಗಳ ಭೇದವನ್ನು ನಾವು ಕಪ್ಪುಹಲಗೆಯ ಮೇಲೆ ಹತ್ತು ಸಲ ಬರೆದರೂ ನಾಟದು. ದೀರ್ಘವನ್ನು ಒಂದು ಮಾತ್ರೆ ಮೊಟಕುಮಾಡಿದರೆ ತಾಳ ತಪ್ಪುತ್ತದೆಯೆಂದು ಒಮ್ಮೆ ಕಂಡುಕೊಂಡ ಮಗು ಮತ್ತೆ ಅದನ್ನು ಮರೆಯದು.

ಹಾಡುವ ಶಾಲಾಬಾಲಕಿಯೊಬ್ಬಳ ಪ್ರಸಿದ್ಧ ಚಿತ್ರವೊಂದು ನಮ್ಮ ನಾಡಿನ ಚರಿತ್ರೆಯಲ್ಲಿದೆ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ ಅಲ್ಲಿ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದಳು. ಆಕೆಯ ಓದು ಪ್ರಾಥಮಿಕ ಶಾಲೆಯಾಚೆಗೆ ಸಾಗಲಿಲ್ಲ. ಸಂಗೀತ ಮಾತ್ರ ಆಕೆಯನ್ನು ದೇಶದ ಅಗ್ರಗಣ್ಯ ಗಾಯಕಿಯರ ಸಾಲಿಗೆ ಒಯ್ದಿತು. ಇಂದು ಮೈಸೂರಿನಲ್ಲಿರುವ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯಕ್ಕೆ ಆಕೆಯದೇ ಹೆಸರು. ಬಾಲ್ಯದಲ್ಲಿ ಸಭೆಯ ಮುಂದೆ ನಿಂತು ಹಾಡಿದ ಒಂದು ಗಳಿಗೆ ಮುಂದಿನ ಬಾಳಿಗೆ ಏನಾಗಬಲ್ಲುದೆಂದು ಯಾವ ಉಪಾಧ್ಯಾಯನೂ ಮುಂಚಿತವಾಗಿ ಹೇಳಲಾರ.

ಶಾಲೆಯ ಅಂಗಳಕ್ಕೂ ಸಂಗೀತಕ್ಕೂ ಇರುವ ನಂಟಿಗೆ ನಮ್ಮ ಪಡುವಣ ಬಡಾವಣೆಗಳಿಗೆ ಅಷ್ಟೇನೂ ದೂರವಲ್ಲದ ಚಾಮರಾಜಪೇಟೆಯಲ್ಲಿ ದೊಡ್ಡ ನಿದರ್ಶನವಿದೆ. ಎಸ್. ವಿ. ನಾರಾಯಣಸ್ವಾಮಿ ರಾಯರು ಅತಿ ಎಳೆಯ ವಯಸ್ಸಿನಲ್ಲಿ, 1939ರಲ್ಲಿ, ಆರಂಭಿಸಿದ ಶ್ರೀರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವ ಬೆಳೆದು ನೆಲೆನಿಂತದ್ದು ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ. ಎಂ. ಎಸ್. ಸುಬ್ಬುಲಕ್ಷ್ಮಿ, ಚೆಂಬೈ ವೈದ್ಯನಾಥ ಭಾಗವತರಂಥ ಮಹನೀಯರು ಈ ಉತ್ಸವದಲ್ಲಿ ಹಾಡಿದ್ದಾರೆ. ಚೈತ್ರದ ಸಂಜೆ, ಚಪ್ಪರದ ಕೆಳಗೆ ಸಾಲುಸಾಲು ಕುರ್ಚಿಗಳು, ಪಾನಕ ಕೋಸಂಬರಿಗಳ ನೆನಪು, ಹಗಲೆಲ್ಲ ಹುಡುಗರು ಚೆಂಡಾಡಿ ಎಬ್ಬಿಸಿದ ಧೂಳು ಅಡಗಿದ ಮೇಲೆ ಅದೇ ನೆಲದಲ್ಲಿ ತಂಬೂರಿಯ ನಾದ. ವಿಚಿತ್ರವೆಂದರೆ ಈ ಉತ್ಸವ ಬರುವುದು ಹತ್ತನೆಯ ತರಗತಿಯ ಪರೀಕ್ಷೆ ನಡೆಯುವ, ಇಲ್ಲವೆ ಈಗತಾನೆ ಮುಗಿದಿರುವ ಹೊತ್ತಿನಲ್ಲಿ. ಊರಿಗೆ ಊರೇ ಶಾಲೆಯ ಮೈದಾನಕ್ಕೆ ಹಾಡು ಕೇಳಲು ಬರುವಾಗ, ಹಾಡಬೇಕಾದ ವಯಸ್ಸಿನ ಹುಡುಗರು ಮನೆಯ ಕೋಣೆಯಲ್ಲಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸುತ್ತಿರುತ್ತಾರೆ.

ಶಾಲೆಯ ಹಾಡು ಸಣ್ಣ ವಿಷಯವೆಂದು ಭಾವಿಸುವವರು ನಾಡಗೀತೆಯ ಪ್ರಸಂಗವನ್ನು ನೆನೆಯಬೇಕು. ಕುವೆಂಪು ಅವರ ಕವನ 2004ರಲ್ಲಿ ನಾಡಗೀತೆಯೆಂದು ಘೋಷಿತವಾಯಿತು. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ಹಲವು ವರ್ಷ ನಡೆದು, 2022ರಲ್ಲಿ ಸರಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ ಎರಡು ನಿಮಿಷ ಮೂವತ್ತು ಸೆಕೆಂಡುಗಳ ಅವಧಿಯನ್ನು ಗೊತ್ತುಮಾಡಿತು. ವಿಷಯ ಹೈಕೋರ್ಟಿನವರೆಗೂ ಹೋಗಿ 2024ರಲ್ಲಿ ಅರ್ಜಿ ವಜಾ ಆಯಿತು. ಒಂದು ರಾಗಸಂಯೋಜನೆಗಾಗಿ ನ್ಯಾಯಾಲಯದ ಮೆಟ್ಟಿಲೇರುವ ಜನ ನಾವು! ಅದರಲ್ಲಿ ನಗುವಂಥದೇನೂ ಇಲ್ಲ. ಬಿಸಿಲಲ್ಲಿ ಸಾಲುಗಟ್ಟಿ ನಿಂತ ಮಗುವಿನ ಬಾಯಲ್ಲಿ ಪ್ರತಿದಿನ ಸುಳಿಯುವ ಧಾಟಿಯೇ ಮುಂದಿನ ತಲೆಮಾರಿನ ಕಿವಿಯಲ್ಲಿ ಉಳಿಯತಕ್ಕದ್ದು. ಆ ಅನಂತಸ್ವಾಮಿಯವರ ಸಂಗೀತದಲ್ಲಿಯೇ 1978ರಲ್ಲಿ ನಿಸಾರ್ ಅಹಮದರ ಕವನಗಳ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಹೊರಬಂದಿತು. ಪುಸ್ತಕವನ್ನು ಎಂದೂ ಕೊಳ್ಳದ ಮನೆಗಳಿಗೂ ಕವಿತೆ ಹೊಕ್ಕಿತು. ಅಲ್ಲಿಂದ ಶಾಲೆಯ ವೇದಿಕೆಗೆ ನಡೆದುಬಂದಿತು.

ನಾನು ಕನ್ನಡ ಪಾಠ ಹೇಳುವವನು, ಸಂಗೀತ ವಿದ್ವಾಂಸನಲ್ಲ. ಆದರೂ ಈ ವಿಷಯದಲ್ಲಿ ನನ್ನ ಕಸುಬಿನ ಸ್ವಾರ್ಥವೊಂದಿದೆ. ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ಷಟ್ಪದಿಯನ್ನು ಓದಿಸುವಾಗ, ಶಾಲೆಯಲ್ಲಿ ಹಾಡಿ ಬಂದವರನ್ನೂ ಹಾಡದೆ ಬಂದವರನ್ನೂ ಮೊದಲ ಪದ್ಯದಲ್ಲಿಯೇ ಗುರುತಿಸಬಹುದು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಸಣ್ಣ ಸಾಲಿನಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆಗಳು. ಹಾಡಿ ಬಲ್ಲ ಹುಡುಗನಿಗೆ ಇದು ಮಿಶ್ರಛಾಪು ತಾಳದ ಏಳು ಎಣಿಕೆ. ಬೆರಳು ತಾನಾಗಿ ಮೇಜನ್ನು ತಟ್ಟುತ್ತದೆ. ಲಕ್ಷ್ಮೀಶನ ವಾರ್ಧಕದ ಐದೈದು ಮಾತ್ರೆಯ ಗಣಗಳು ಅವನಿಗೆ ಖಂಡಛಾಪು. ಪ್ರಸ್ತಾರ ಹಾಕಿ ಗಣವಿಭಾಗ ಮಾಡುವುದನ್ನು ಮಾತ್ರ ಕಲಿತವನು ಪದ್ಯವನ್ನು ಲೆಕ್ಕದಂತೆ ಬಿಡಿಸಬಲ್ಲ, ಆದರೆ ಓದಲಾರ. ನಮ್ಮ ಪೂರ್ವಿಕರು ಗಮಕವೆಂಬ ಕಲೆಯನ್ನು ಕಾವ್ಯದ ಪಕ್ಕದಲ್ಲಿಯೇ ಇರಿಸಿದ್ದರು. ಕಿವಿಯ ಶಿಕ್ಷಣ ಪ್ರೌಢಶಾಲೆಯಲ್ಲಿ ನಿಂತುಹೋದರೆ ಕಾಲೇಜಿನಲ್ಲಿ ಹಳೆಯ ಕಾವ್ಯ ಮೂಕವಾಗುತ್ತದೆ.

ಹಾಗಾದರೆ ಶಾಲೆಯಲ್ಲಿ ಹಾಡು ಹೇಗೆ ಹುಟ್ಟುತ್ತದೆ? ಕೆಲವು ವರ್ಷಗಳ ಹಿಂದೆ ವಿಜಯನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಭಾಷಣ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಕೊಠಡಿಯಲ್ಲಿ ಸಂಗೀತದ ಅಧ್ಯಾಪಕಿಯೊಬ್ಬರು ಮಾಯಾಮಾಳವಗೌಳದ ಸರಳೆಯಿಂದ ಆರಂಭಿಸಿ ನಲವತ್ತು ಮಕ್ಕಳ ದನಿಯನ್ನು ಒಂದು ಮಾಡುತ್ತಿದ್ದರು. ಪುರಂದರದಾಸರು ಹಾಕಿಕೊಟ್ಟದ್ದೆಂದು ಸಂಪ್ರದಾಯ ನಂಬಿರುವ ಆ ಪಾಠಕ್ರಮ ಇಂದಿಗೂ ಕರ್ಣಾಟಕ ಸಂಗೀತದ ಮೊದಲ ಮೆಟ್ಟಿಲು. ಹಿಂದಿನ ಸಾಲಿನಲ್ಲಿ ಒಂಬತ್ತನೆಯ ತರಗತಿಯ ನಾಲ್ಕೈದು ಹುಡುಗರು ಬಾಯಿ ಬಿಗಿದು ಕುಳಿತಿದ್ದರು. ಅಧ್ಯಾಪಕಿ ನಿಲ್ಲಿಸಿ ಕೇಳಿದರು:

“ಯಾಕ್ರಪ್ಪಾ, ಹಾಡ್ತಾ ಇಲ್ಲ?”

“ದನಿ ಒಡೆದುಹೋಗಿದೆ, ಮಿಸ್. ಎಲ್ಲರೂ ನಗ್ತಾರೆ.”

“ಒಡೆದಿಲ್ಲ ಕಣಪ್ಪ, ಬೆಳೀತಾ ಇದೆ. ನೀವು ಕೆಳಗಿನ ಷಡ್ಜ ಹಿಡ್ಕೊಳ್ಳಿ. ಉಳಿದವರು ನಿಮ್ಮ ಮೇಲೆ ನಿಂತು ಹಾಡ್ತಾರೆ.”

ಹುಡುಗರು ಅಳುಕುತ್ತಲೇ ಷಡ್ಜ ಹಿಡಿದರು. ಕೊಠಡಿಗೆ ಒಮ್ಮೆಲೇ ತಳಪಾಯ ಬಂದಂತಾಯಿತು. ನಗುತ್ತಿದ್ದವರು ಸುಮ್ಮನಾದರು.

ಆ ಅಧ್ಯಾಪಕಿ ಮಾಡಿದ್ದು ಸಣ್ಣ ಕೆಲಸವಲ್ಲ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರಿಗೆ ಐದು, ಐದೂವರೆ ಮನೆಯ ಶ್ರುತಿ ಒಗ್ಗಿದರೆ, ದನಿ ಇಳಿದ ಹುಡುಗರಿಗೆ ಒಂದು, ಒಂದೂವರೆ ಮನೆ. ಎಲ್ಲರನ್ನೂ ಒಂದೇ ಶ್ರುತಿಗೆ ಎಳೆದರೆ ಹುಡುಗರು ಕಿರಿಚುತ್ತಾರೆ, ಇಲ್ಲವೆ ಸುಮ್ಮನಾಗುತ್ತಾರೆ. ಈ ವಯಸ್ಸಿನಲ್ಲಿ ಸುಮ್ಮನಾದವನು ಬಹುಮಟ್ಟಿಗೆ ಜೀವನಪರ್ಯಂತ ಸುಮ್ಮನಾಗುತ್ತಾನೆ. ‘ನನಗೆ ಹಾಡಲು ಬಾರದು’ ಎಂದು ಹೇಳುವ ವಯಸ್ಕರನ್ನು ವಿಚಾರಿಸಿ ನೋಡಿ. ಆ ತೀರ್ಪು ದೊರೆತದ್ದು ಪ್ರೌಢಶಾಲೆಯಲ್ಲಿ ಎಂಬುದು ಹೆಚ್ಚಿನ ಪಾಲು ನಿಜವಾಗಿರುತ್ತದೆ.

ಇಂದು ಶಾಲೆಯ ಸಂಗೀತಕ್ಕೆ ಎರಡು ಕಡೆಯಿಂದ ಒತ್ತಡವಿದೆ. ಒಂದು ಪರೀಕ್ಷೆಯದು. ಎಂಟನೆಯ ತರಗತಿಯವರೆಗೆ ಹಾಡಿದ ಮಗುವನ್ನು ಹತ್ತನೆಯ ತರಗತಿಗೆ ಬಂದೊಡನೆ ಗುಂಪಿನಿಂದ ಬಿಡಿಸುತ್ತಾರೆ. ಸಂಗೀತದ ಅವಧಿಯಲ್ಲಿ ಗಣಿತ ನಡೆಯುತ್ತದೆ. ಹೆತ್ತವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದುಡಿದು ಓದಿಸುವ ಮನೆಯಲ್ಲಿ ಒಂದೊಂದು ಅಂಕಕ್ಕೂ ಬೆಲೆಯಿದೆ. ಆದರೆ ವಾರಕ್ಕೆ ಒಂದು ಗಂಟೆಯ ಹಾಡಿನಿಂದ ಅಂಕ ಕಳೆದುಹೋದುದನ್ನು ನನ್ನ ಅಧ್ಯಾಪನದ ವರ್ಷಗಳಲ್ಲಿ ನಾನು ಕಂಡಿಲ್ಲ. ಇನ್ನೊಂದು ಒತ್ತಡ ಯಂತ್ರದ್ದು. ಹಲವೆಡೆ ವಾರ್ಷಿಕೋತ್ಸವವೆಂದರೆ ಮುದ್ರಿತ ಸಂಗೀತಕ್ಕೆ ಮಕ್ಕಳು ತುಟಿ ಅಲುಗಿಸುವುದು, ಕೈಕಾಲು ಆಡಿಸುವುದು ಎಂದಾಗಿದೆ. ಹಾಡುವವರು ಯಾರೋ, ವೇದಿಕೆಯ ಮೇಲಿರುವವರು ಯಾರೋ. ಶ್ರುತಿ ಎಂದೂ ತಪ್ಪುವುದಿಲ್ಲ, ನಿಜ. ಮಕ್ಕಳು ಕಲಿಯುವುದೂ ಇಲ್ಲ.

ಸ್ಪರ್ಧೆಗಳು ಈ ಕೊರತೆಯನ್ನು ತುಂಬಿವೆಯೆ? ಶಿಕ್ಷಣ ಇಲಾಖೆಯ ‘ಪ್ರತಿಭಾ ಕಾರಂಜಿ’ ಹಳ್ಳಿಯ ಶಾಲೆಗಳಿಂದಲೂ ಒಳ್ಳೆಯ ಕಂಠಗಳನ್ನು ಹೊರತಂದಿದೆ. ಅದು ಸ್ತುತ್ಯವಾದ ಕೆಲಸ. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಮೂಲಕವೂ ಎಷ್ಟೋ ಮನೆಗಳಲ್ಲಿ ಸಂಗೀತದ ಪಾಠ ತಪ್ಪದೆ ನಡೆದಿದೆ. ಆದರೆ ಸ್ಪರ್ಧೆ ಆರಿಸುವುದು ಒಬ್ಬನನ್ನು. ಉಳಿದ ಮೂವತ್ತೊಂಬತ್ತು ಮಕ್ಕಳು ಚಪ್ಪಾಳೆ ತಟ್ಟುವವರಾಗುತ್ತಾರೆ. ಶಾಲೆಯ ಹಾಡಿನ ಲಾಭವಿರುವುದು ಆ ಮೂವತ್ತೊಂಬತ್ತು ಮಂದಿಯ ವಿಷಯದಲ್ಲಿ.

ಈ ಮಾತನ್ನು ಅರಿತು ನಡೆದವರು ಲೋಕದಲ್ಲಿ ಇದ್ದಾರೆ. 1901ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದ ರವೀಂದ್ರರು ಋತುಗಳನ್ನೇ ಪಾಠಪಟ್ಟಿಯಲ್ಲಿ ಸೇರಿಸಿದರು. ಮಳೆಗೆ ವರ್ಷಾಮಂಗಲ, ವಸಂತಕ್ಕೆ ವಸಂತೋತ್ಸವ. 1908ರಲ್ಲಿ ಆಶ್ರಮದ ವಿದ್ಯಾರ್ಥಿಗಳು ಅಭಿನಯಿಸುವುದಕ್ಕಾಗಿಯೇ ‘ಶಾರದೋತ್ಸವ’ವೆಂಬ ಹಾಡುಗಳಿಂದ ತುಂಬಿದ ನಾಟಕ. ಹಂಗೇರಿಯಲ್ಲಿ ಜೋಲ್ತಾನ್ ಕೊಡಾಯ್ ಎಂಬ ಸಂಗೀತಗಾರನ ಪ್ರಯತ್ನದಿಂದ 1950ರಲ್ಲಿ ಆತನ ಹುಟ್ಟೂರಾದ ಕೆಚ್ಕೆಮೆತ್‌ನಲ್ಲಿ ಪ್ರತಿದಿನ ಹಾಡುವ ಪ್ರಾಥಮಿಕ ಶಾಲೆ ಆರಂಭವಾಯಿತು. ಸಂಗೀತ ಎಲ್ಲರ ಸೊತ್ತು, ಅದನ್ನು ಕಲಿಸಲು ಮೊದಲು ಬೇಕಾದ ವಾದ್ಯ ಮಗುವಿನ ಕಂಠ, ಮೊದಲು ಬೇಕಾದ ಹಾಡು ತಾಯ್ನುಡಿಯ ಜನಪದಗೀತೆ ಎಂಬುದು ಆತನ ಮತ. ನಮ್ಮಲ್ಲಿಯೂ 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕಲೆಗಳನ್ನು ಶಾಲಾಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಪಾಠವಾಗಿಯೇ ಪರಿಗಣಿಸಬೇಕೆಂದಿತು. 2020ರ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ಬರೆದದ್ದು ಸರಿಯಾಗಿದೆ, ನಡೆಯಬೇಕಾದುದು ಉಳಿದಿದೆ.

ನಮ್ಮ ಬಡಾವಣೆಯ ಶಾಲೆಗಳು ಇದಕ್ಕಾಗಿ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಪಠ್ಯಪುಸ್ತಕದ ಪದ್ಯಗಳಲ್ಲಿ ಒಂದನ್ನು ಆರಿಸಿ, ಅದರ ಛಂದಸ್ಸಿಗೆ ಒಗ್ಗುವ ತಾಳದಲ್ಲಿ ಇಡೀ ತರಗತಿ ಕಲಿಯಲಿ. ಕನ್ನಡದ ಅಧ್ಯಾಪಕರೂ ಸಂಗೀತದ ಅಧ್ಯಾಪಕರೂ ಒಂದೇ ಕೊಠಡಿಯಲ್ಲಿ ನಿಲ್ಲಲಿ. ಸಂಗೀತದ ಅಧ್ಯಾಪಕರಿಲ್ಲದ ಶಾಲೆಗೆ ಬೀದಿಯ ಭಜನಾಮಂಡಲಿಯ ಹಿರಿಯರನ್ನೊ, ಜನಪದಗೀತೆ ಬಲ್ಲ ಅಜ್ಜಿಯನ್ನೊ ಕರೆಯಬಹುದು. ವಾರ್ಷಿಕೋತ್ಸವದಲ್ಲಿ ಮುದ್ರಿತ ಸಂಗೀತವಿಲ್ಲದ ಒಂದು ಹಾಡಾದರೂ ಇರಲಿ. ಹತ್ತನೆಯ ತರಗತಿಯವರು ಅದರಲ್ಲಿ ನಿಲ್ಲಲಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಮಕ್ಕಳು ತಾವೇ ಹಾಡಿ ಆಡಿದರೆ, ಬಾಡಿಗೆಯ ದೀಪಗಳೂ ಬಾಡಿಗೆಯ ಪೋಷಾಕುಗಳೂ ಇಲ್ಲದೆಯೇ ಸಭೆ ಕಿವಿಗೊಟ್ಟು ಕೂರುತ್ತದೆ. ಒಂದೆರಡು ಕಡೆ ಶ್ರುತಿ ಜಾರೀತು. ಎದುರಿಗೆ ಕುಳಿತ ತಾಯಿ ತಂದೆಯರಿಗೆ ತಮ್ಮ ಮಗುವಿನ ದನಿ ಆ ಗುಂಪಿನಲ್ಲಿ ಯಾವುದೆಂದು ಗೊತ್ತಾಗುತ್ತದೆ. ಮುದ್ರಿತ ಸಂಗೀತದಲ್ಲಿ ಅವರು ಅದನ್ನು ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ.