ಪೇಪರ್‌ಕಟ್ಸ್ (ಲಿಂಕಿನ್ ಪಾರ್ಕ್ ಆಲ್ಬಮ್)

ಪೇಪರ್‌ಕಟ್ಸ್ (ಪೂರ್ಣ ಹೆಸರು: ಪೇಪರ್‌ಕಟ್ಸ್ – ಸಿಂಗಲ್ಸ್ ಕಲೆಕ್ಷನ್ 2000–2023) ಎಂಬುದು ಅಮೆರಿಕದ ರಾಕ್ ತಂಡವಾದ ಲಿಂಕಿನ್ ಪಾರ್ಕ್‌ನ ಜನಪ್ರಿಯ ಹಾಡುಗಳ ಸಂಕಲನ. ವಾರ್ನರ್ ರೆಕಾರ್ಡ್ಸ್ ಸಂಸ್ಥೆಯು ಇದನ್ನು 2024ರ ಏಪ್ರಿಲ್ 12ರಂದು ಬಿಡುಗಡೆ ಮಾಡಿತು. 20 ಹಾಡುಗಳುಳ್ಳ ಇದು ತಂಡದ ಮೊದಲ ‘ಗ್ರೇಟೆಸ್ಟ್ ಹಿಟ್ಸ್’ ಸಂಕಲನವಾಗಿದೆ. ಎಲ್ಲ ಹಾಡುಗಳೂ ದಿವಂಗತ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ ಅವರ ಕಾಲದಲ್ಲಿ ಧ್ವನಿಮುದ್ರಣಗೊಂಡವು.

ಹಿನ್ನೆಲೆ

ಲಿಂಕಿನ್ ಪಾರ್ಕ್ ಕ್ಯಾಲಿಫೋರ್ನಿಯಾದ ಅಗೋರಾ ಹಿಲ್ಸ್‌ನಲ್ಲಿ 1996ರಲ್ಲಿ ರೂಪುಗೊಂಡ ತಂಡ. 2000ದಲ್ಲಿ ಪ್ರಕಟವಾದ ಮೊದಲ ಆಲ್ಬಮ್ ‘ಹೈಬ್ರಿಡ್ ಥಿಯರಿ’ ಅದಕ್ಕೆ ವಿಶ್ವಖ್ಯಾತಿ ತಂದಿತು. ಹೆವಿ ಮೆಟಲ್‌ನ ಬಿರುಸಾದ ಗಿಟಾರ್ ವಾದನವನ್ನು ಹಿಪ್ ಹಾಪ್‌ನ ಲಯ ಹಾಗೂ ರ‍್ಯಾಪ್‌ನೊಂದಿಗೆ ಬೆಸೆಯುವ ಶೈಲಿಗೆ ‘ನ್ಯೂ ಮೆಟಲ್’ ಎಂಬ ಹೆಸರಿದೆ. ಮೈಕ್ ಶಿನೋಡಾ ಅವರ ರ‍್ಯಾಪ್ ಮತ್ತು ಬೆನ್ನಿಂಗ್ಟನ್ ಅವರ ಆರ್ತ ಗಾಯನ ಪರಸ್ಪರ ಉತ್ತರ ಕೊಡುವಂತೆ ಸಾಗುವುದು ಈ ತಂಡದ ವೈಶಿಷ್ಟ್ಯವಾಗಿತ್ತು. 2017ರ ಜುಲೈ 20ರಂದು, ತಮ್ಮ 41ನೆಯ ವಯಸ್ಸಿನಲ್ಲಿ, ಬೆನ್ನಿಂಗ್ಟನ್ ಆತ್ಮಹತ್ಯೆ ಮಾಡಿಕೊಂಡರು. ಆ ಬಳಿಕ ತಂಡದ ಚಟುವಟಿಕೆ ಬಹುತೇಕ ಸ್ಥಗಿತಗೊಂಡಿತು.

ಹಾಡುಗಳ ಆಯ್ಕೆ

ಸಂಕಲನದ ಹೆಸರು ‘ಹೈಬ್ರಿಡ್ ಥಿಯರಿ’ಯ ಮೊದಲ ಹಾಡಾದ ‘ಪೇಪರ್‌ಕಟ್’ ಅನ್ನು ನೆನಪಿಸುತ್ತದೆ. ಹಾಡುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಲ್ಲ. ಅವುಗಳ ಮೂಲ ಹೀಗಿದೆ:

• ಹೈಬ್ರಿಡ್ ಥಿಯರಿ (2000): ಕ್ರಾಲಿಂಗ್, ಪೇಪರ್‌ಕಟ್, ಇನ್ ದಿ ಎಂಡ್, ಒನ್ ಸ್ಟೆಪ್ ಕ್ಲೋಸರ್
• ಮೀಟಿಯೋರಾ (2003): ಫೇಂಟ್, ಬ್ರೇಕಿಂಗ್ ದಿ ಹ್ಯಾಬಿಟ್, ಸಮ್‌ವೇರ್ ಐ ಬಿಲಾಂಗ್, ನಮ್
• ಜೇ-ಝೀ ಜೊತೆಗಿನ ‘ಕೊಲಿಷನ್ ಕೋರ್ಸ್’ (2004): ನಮ್/ಎನ್‌ಕೋರ್
• ಮಿನಿಟ್ಸ್ ಟು ಮಿಡ್‌ನೈಟ್ (2007): ಬ್ಲೀಡ್ ಇಟ್ ಔಟ್, ವಾಟ್ ಐವ್ ಡನ್, ಲೀವ್ ಔಟ್ ಆಲ್ ದ ರೆಸ್ಟ್
• ‘ಟ್ರಾನ್ಸ್‌ಫಾರ್ಮರ್ಸ್’ ಸರಣಿಯ ಎರಡನೆಯ ಚಲನಚಿತ್ರ (2009): ನ್ಯೂ ಡಿವೈಡ್
• ಎ ಥೌಸಂಡ್ ಸನ್ಸ್ (2010): ವೇಟಿಂಗ್ ಫಾರ್ ದಿ ಎಂಡ್
• ಲಿವಿಂಗ್ ಥಿಂಗ್ಸ್ (2012): ಬರ್ನ್ ಇಟ್ ಡೌನ್, ಕ್ಯಾಸಲ್ ಆಫ್ ಗ್ಲಾಸ್
• ಒನ್ ಮೋರ್ ಲೈಟ್ (2017): ಶೀರ್ಷಿಕೆ ಗೀತೆ

ಇವುಗಳಲ್ಲಿ ‘ಕ್ರಾಲಿಂಗ್’ ಮತ್ತು ‘ನಮ್/ಎನ್‌ಕೋರ್’ ಗ್ರ್ಯಾಮಿ ಪ್ರಶಸ್ತಿ ಪಡೆದಿವೆ. 2014ರ ‘ದ ಹಂಟಿಂಗ್ ಪಾರ್ಟಿ’ ಆಲ್ಬಮ್‌ನ ಯಾವ ಹಾಡೂ ಇಲ್ಲಿಲ್ಲ.

ಅಪರೂಪದ ಮತ್ತು ಅಪ್ರಕಟಿತ ಹಾಡುಗಳು

ಉಳಿದ ಮೂರು ಹಾಡುಗಳು ಈ ಸಂಕಲನಕ್ಕೆ ವಿಶೇಷ ಮಹತ್ವ ನೀಡಿವೆ. ‘ಕ್ವರ್ಟಿ’ ಮೊದಲು 2006ರಲ್ಲಿ ತಂಡದ ಅಭಿಮಾನಿ ಸಂಘದ ಸದಸ್ಯರಿಗಾಗಿ ಹೊರಬಂದಿತ್ತು. ‘ಲಾಸ್ಟ್’ ಹಾಡನ್ನು ‘ಮೀಟಿಯೋರಾ’ ಆಲ್ಬಮ್‌ನ ಸಿದ್ಧತೆಯ ವೇಳೆ ಧ್ವನಿಮುದ್ರಿಸಿ ಕೈಬಿಡಲಾಗಿತ್ತು. ಆ ಆಲ್ಬಮ್‌ನ 20ನೆಯ ವರ್ಷದ ನಿಮಿತ್ತ 2023ರ ಫೆಬ್ರುವರಿಯಲ್ಲಿ ಅದು ಬೆಳಕು ಕಂಡಿತು. ಕೊನೆಯ ಹಾಡಾದ ‘ಫ್ರೆಂಡ್ಲಿ ಫೈರ್’ ‘ಒನ್ ಮೋರ್ ಲೈಟ್’ ಆಲ್ಬಮ್‌ಗಾಗಿ ಧ್ವನಿಮುದ್ರಣಗೊಂಡು ಅಪ್ರಕಟಿತವಾಗಿಯೇ ಉಳಿದಿತ್ತು. ಅದನ್ನು 2024ರ ಫೆಬ್ರುವರಿ 23ರಂದು ಪ್ರಕಟಿಸಲಾಯಿತು. ಶೀರ್ಷಿಕೆಯಲ್ಲಿರುವ ಅವಧಿ ಗಾಯಕನ ಮರಣದ ನಂತರದ 2023ರವರೆಗೂ ವಿಸ್ತರಿಸಲು ‘ಲಾಸ್ಟ್’ ಬಿಡುಗಡೆಯಾದ ವರ್ಷವೇ ಕಾರಣ.

ನಂತರದ ಬೆಳವಣಿಗೆ

ಸಂಕಲನ ಹೊರಬಂದ ಐದು ತಿಂಗಳೊಳಗೆ, 2024ರ ಸೆಪ್ಟೆಂಬರ್‌ನಲ್ಲಿ, ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಮತ್ತು ಡ್ರಮ್ ವಾದಕ ಕಾಲಿನ್ ಬ್ರಿಟನ್ ಅವರೊಡನೆ ತಂಡ ಮತ್ತೆ ಕಾರ್ಯಾರಂಭ ಮಾಡಿತು. ಅದೇ ವರ್ಷದ ನವೆಂಬರ್ 15ರಂದು ಹೊಸ ಆಲ್ಬಮ್ ‘ಫ್ರಮ್ ಝೀರೋ’ ಬಿಡುಗಡೆಯಾಯಿತು. ಹೀಗಾಗಿ ‘ಪೇಪರ್‌ಕಟ್ಸ್’, ಹೊಸ ಗಾಯಕಿಯ ಆಗಮನಕ್ಕೆ ಮುನ್ನ, ಬೆನ್ನಿಂಗ್ಟನ್ ಅವರ ಧ್ವನಿಯೊಂದಿಗೆ ತಂಡ ನಡೆದುಬಂದ ಹಾದಿಯನ್ನು ಒಂದೆಡೆ ದಾಖಲಿಸಿದ ಸಂಕಲನವಾಗಿದೆ.