ಮಾರ್ಫಿನ್ ಗುಳಿಗೆ: ಅಂಜಿಕೆಯೂ ಎಚ್ಚರಿಕೆಯೂ

ಅರ್ಬುದ ರೋಗದ ಬೇನೆಯಿಂದ ನರಳುವವರಿಗೆ ವೈದ್ಯರು ಮಾರ್ಫಿನ್ ಗುಳಿಗೆಯನ್ನು ಬರೆದುಕೊಟ್ಟರೆಂದರೆ ಮನೆಯಲ್ಲಿ ಎರಡು ಮಾತು ಕೂಡಲೆ ಏಳುತ್ತವೆ. ಇದು ಅಫೀಮಲ್ಲವೆ, ಚಟ ಹತ್ತುವದಿಲ್ಲವೆ ಎಂಬುದು ಒಂದು. ಕೊನೆಗಾಲ ಬಂತೆಂದೇ ಇದನ್ನು ಕೊಟ್ಟಿರಬೇಕೆಂಬುದು ಇನ್ನೊಂದು. ಇದರ ಪರಿಣಾಮವಾಗಿ ಗುಳಿಗೆಗಳು ಕಪಾಟಿನಲ್ಲಿ ಉಳಿದು, ರೋಗಿಯು ರಾತ್ರಿಯೆಲ್ಲ ಹಲ್ಲು ಕಚ್ಚಿ ಬೇನೆಯನ್ನು ಸಹಿಸುವಂತಾಗುತ್ತದೆ. ಈ ಅಂಜಿಕೆಯು ಎಷ್ಟರಮಟ್ಟಿಗೆ ಸಕಾರಣವಾದುದು, ಈ ಔಷಧವನ್ನು ಮನೆಯಲ್ಲಿ ಹೇಗೆ ನಡೆಯಿಸಬೇಕು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುವದು ಅವಶ್ಯವೆಂದು ನಮಗೆ ತೋರುತ್ತದೆ.

ಮಾರ್ಫಿನ್ ಅಫೀಮಿನಿಂದಲೇ ಹುಟ್ಟುವದೆಂಬುದು ಸುಳ್ಳಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ರೈತರು ಸರಕಾರದ ಪರವಾನಿಗೆ ಪಡೆದು ಗಸಗಸೆಯ ಗಿಡವನ್ನು ಬೆಳೆಯುತ್ತಾರೆ. ಅಫೀಮನ್ನು ಸಂಸ್ಕರಿಸುವ ಸರಕಾರಿ ಕಾರಖಾನೆಗಳು ಗಾಜೀಪುರ, ನೀಮಚಗಳಲ್ಲಿವೆ. ಅನ್ಯದೇಶಗಳ ರೋಗಿಗಳ ಬೇನೆ ನೀಗುವದಕ್ಕೆ ಕಚ್ಚಾ ಮಾಲನ್ನು ಒದಗಿಸಿದ ಈ ದೇಶದಲ್ಲಿ ಸ್ವಂತ ರೋಗಿಗಳಿಗೆ ಮದ್ದು ಸಿಗದೆ ಹೋದುದು ಅತ್ಯಂತ ವಿಷಾದಕರವಾದ ಸಂಗತಿ. 1985ರಲ್ಲಿ ಮಾದಕ ದ್ರವ್ಯಗಳ ಕಾಯಿದೆಯು ಬಂದಿತು. ಕಳ್ಳವ್ಯಾಪಾರವನ್ನು ಅಡಗಿಸುವ ಅದರ ಉದ್ದೇಶವು ಸ್ತುತ್ಯವಾದುದೇ. ಆದರೆ 10 ವರ್ಷಗಳ ಕಠಿಣ ಶಿಕ್ಷೆಯ ಭಯದಿಂದಲೂ, ಹಲವು ಇಲಾಖೆಗಳ ಪರವಾನಿಗೆಗಳ ತೊಡಕಿನಿಂದಲೂ ದವಾಖಾನೆಗಳು ಈ ಔಷಧವನ್ನು ಇಡುವದನ್ನೇ ಬಿಟ್ಟುಕೊಟ್ಟವು. 1997ರಲ್ಲಿ ಇಡೀ ದೇಶದಲ್ಲಿ ಬಳಕೆಯಾದ ಮಾರ್ಫಿನ್ ಸುಮಾರು 18 ಕಿಲೋಗ್ರಾಂ ಮಾತ್ರ! 2014ರಲ್ಲಿ ಕಾಯಿದೆಯನ್ನು ತಿದ್ದಿ, ಮನ್ನಣೆ ಪಡೆದ ವೈದ್ಯಸಂಸ್ಥೆಗಳು ಇದನ್ನು ಸುಲಭವಾಗಿ ಇಟ್ಟುಕೊಳ್ಳುವಂತೆ ಮಾಡಲಾಯಿತು. ಕಾಯಿದೆಯೇನೋ ಸಡಿಲವಾಯಿತು; ಮನಸ್ಸಿನ ಬಿಗಿ ಇನ್ನೂ ಸಡಿಲಿಲ್ಲ.

ಚಟದ ಮಾತು. ವೈದ್ಯರ ಲಕ್ಷ್ಯದಲ್ಲಿ, ಬೇನೆಯ ಪ್ರಮಾಣಕ್ಕೆ ತಕ್ಕಂತೆ ಮಾರ್ಫಿನ್ ಸೇವಿಸುವ ಅರ್ಬುದ ರೋಗಿಯು ವ್ಯಸನಿಯಾಗುವದು ವಿರಳ. ಬಹುದಿನ ಸೇವಿಸಿದ ಔಷಧವನ್ನು ಒಮ್ಮೆಲೆ ನಿಲ್ಲಿಸಿದರೆ ಬೆವರು, ನಡುಕ, ಭೇದಿಗಳಾಗುವದುಂಟು. ಇದು ಶರೀರದ ರೂಢಿಯೇ ಹೊರತು ಮನಸ್ಸಿನ ಚಟವಲ್ಲ. ಮೆಲ್ಲಮೆಲ್ಲನೆ ಇಳಿಸಿದರೆ ಈ ತೊಂದರೆ ತಪ್ಪುತ್ತದೆ. ಆದರೆ ರೋಗಿಗೆ ಮೊದಲು ಸೆರೆಯ ಅಥವಾ ಇತರ ಅಮಲಿನ ಅಭ್ಯಾಸವಿದ್ದರೆ ವೈದ್ಯರಿಂದ ಮುಚ್ಚಿಡಬಾರದು. ಇನ್ನು ಕೊನೆಗಾಲದ ಮಾತು ತೀರ ಅರ್ಥವಿಲ್ಲದ್ದು. ಬೇನೆ ಹೆಚ್ಚಾದವರಿಗೆ ಇದನ್ನು ಕೊಡುವರೇ ಹೊರತು ಆಯುಷ್ಯ ಕಡಿಮೆಯಾದವರಿಗೆಂದು ಕೊಡುವದಿಲ್ಲ.

ಅಂಜಿಕೆ ಬೇಡವೆಂದರೆ ಎಚ್ಚರಿಕೆಯೂ ಬೇಡವೆಂದು ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿ ಅರ್ಬುದದ ಬೇನೆಯ ವಿಷಯವಾಗಿ ಹೊರಡಿಸಿದ ಸೂಚನೆಗಳಲ್ಲಿ ಮುಖ್ಯವಾದುದೊಂದು, ಔಷಧವನ್ನು ಗಡಿಯಾರ ನೋಡಿ ಕೊಡಬೇಕೆಂಬುದು. ಸಾಮಾನ್ಯ ಮಾರ್ಫಿನ್ ಗುಳಿಗೆಯ ಗುಣವು ಸುಮಾರು ನಾಲ್ಕು ತಾಸು ಇರುತ್ತದೆ. ಬೇನೆ ಮರಳಿ ಏಳುವ ಮೊದಲೇ ಮುಂದಿನ ಗುಳಿಗೆ ಹೊಟ್ಟೆಗೆ ಬೀಳಬೇಕು. ನಮ್ಮ ಮನೆಗಳಲ್ಲಿ ನಡೆಯುವದು ಇದಕ್ಕೆ ವಿರುದ್ಧ: ತಾಳಲಾರದ ತನಕ ತಾಳುವದು, ಆ ಮೇಲೆ ಗಾಬರಿಯಿಂದ ಎರಡು ಮೂರು ಗುಳಿಗೆ ನುಂಗಿಸುವದು. ಅಪಾಯವಿರುವದು ಇಲ್ಲಿಯೇ. ನಡುವೆ ಬೇನೆ ಎದ್ದರೆ ಎಷ್ಟು ಹೆಚ್ಚಿಗೆ ಕೊಡಬೇಕು, ರಾತ್ರಿ ಮಲಗುವಾಗ ಏನು ಮಾಡಬೇಕು ಎಂಬುದನ್ನು ವೈದ್ಯರಿಂದ ಮೊದಲೇ ಬರೆಯಿಸಿಕೊಂಡು, ಕೊಟ್ಟ ಹೊತ್ತನ್ನು ಒಂದು ಪುಸ್ತಕದಲ್ಲಿ ಗುರುತು ಹಾಕುತ್ತ ಹೋಗಬೇಕು. 10 ಮಿಲಿಗ್ರಾಂದ ಗುಳಿಗೆಯೂ ಇದೆ, 30 ಮಿಲಿಗ್ರಾಂದ್ದೂ ಇದೆ. ಕಣ್ತಪ್ಪಿದರೆ ಮೂರುಪಟ್ಟು ಔಷಧ ಹೋಗುತ್ತದೆ. ನಿಧಾನವಾಗಿ ಕರಗಿ ದಿನಕ್ಕೆ ಎರಡೇ ಸಲ ಕೊಡುವ ಬೇರೊಂದು ಜಾತಿಯ ಗುಳಿಗೆಯೂ ಉಂಟು. ನುಂಗಲಾರದವರಿಗೆಂದು ಅದನ್ನು ಕುಟ್ಟಿ ಪುಡಿಮಾಡಿ ಕೊಡುವದು ಪ್ರಾಣಕ್ಕೆ ಎರವಾದೀತು, ಏಕೆಂದರೆ ಅರ್ಧ ದಿನದ ಔಷಧವು ಒಮ್ಮೆಲೆ ರಕ್ತಕ್ಕೆ ಸೇರುತ್ತದೆ.

ಮೊದಲ ಕೆಲವು ದಿನ ಓಕರಿಕೆ, ತೂಕಡಿಕೆಗಳಿರುವದು ಸಹಜ. ಸಾಮಾನ್ಯವಾಗಿ ತಾವಾಗಿ ಇಳಿಯುತ್ತವೆ. ಇಳಿಯದಿರುವದು ಮಲಬದ್ಧತೆ. ಆದುದರಿಂದ ಮಾರ್ಫಿನ್ನಿನ ಸಂಗಡ ಹೊಟ್ಟೆ ಸಡಿಲಿಸುವ ಔಷಧವನ್ನೂ ಮೊದಲ ದಿನದಿಂದಲೇ ಕೇಳಿ ಪಡೆಯಬೇಕು. ಅದಿಲ್ಲದೆ ಎಷ್ಟೋ ರೋಗಿಗಳು ಹೊಟ್ಟೆಯ ಕಷ್ಟಕ್ಕೆ ಬೇಸತ್ತು ಬೇನೆಯ ಮದ್ದನ್ನೇ ಬಿಟ್ಟುಬಿಡುತ್ತಾರೆ. ಮೂತ್ರಪಿಂಡಗಳು ಕೆಟ್ಟವರಲ್ಲಿ ಔಷಧದ ಅಂಶವು ಶರೀರದಲ್ಲಿ ಕೂಡಿಬರುವದರಿಂದ ಅವರ ಪ್ರಮಾಣವೇ ಬೇರೆ. ಸೆರೆ ಮತ್ತು ನಿದ್ರೆಯ ಗುಳಿಗೆ ಇವೆರಡನ್ನೂ ಮಾರ್ಫಿನ್ನಿನ ಸಂಗಡ ಸ್ವೇಚ್ಛೆಯಿಂದ ಸೇರಿಸಲೇಬಾರದು. ಎಬ್ಬಿಸಿದರೂ ಏಳದಂಥ ಮಂಪರು, ನಿಧಾನವಾದ ಉಸಿರು, ಸಾಸಿವೆಯ ಕಾಳಿನಷ್ಟು ಕಿರಿದಾದ ಕಣ್ಣಿನ ಪಾಪೆ ಇವು ಕಂಡುಬಂದರೆ ಮುಂದಿನ ಗುಳಿಗೆಯನ್ನು ತಡೆದು ಆ ಕ್ಷಣವೇ ದವಾಖಾನೆಗೆ ಒಯ್ಯಬೇಕು. ಇದಕ್ಕೆ ನ್ಯಾಲೊಕ್ಸೋನ್ ಎಂಬ ಪ್ರತ್ಯೌಷಧವಿದೆ. ಆದರೆ ಹೊತ್ತು ಮೀರಬಾರದು.

ಒಬ್ಬರಿಗೆಂದು ಬರೆದ ಗುಳಿಗೆಯನ್ನು ನೆರೆಮನೆಯವರ ಸೊಂಟನೋವಿಗೆ ಕರುಣೆಯಿಂದ ಕೊಡುವದು ಕಾಯಿದೆಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ರೂಢಿಯಾದ ಶರೀರವು ತಾಳುವ ಪ್ರಮಾಣವನ್ನು ಹೊಸಬರ ಶರೀರವು ತಾಳಲಾರದು. ಮಕ್ಕಳ ಮಾತಂತೂ ಹೇಳಲೇಬೇಕಾಗಿಲ್ಲ. ಆದುದರಿಂದ ಗುಳಿಗೆಗಳನ್ನು ಕೀಲಿಹಾಕಿದ ಪೆಟ್ಟಿಗೆಯಲ್ಲಿ, ಎಣಿಸಿ ಇಡಬೇಕು. ರೋಗಿಯು ತೀರಿಕೊಂಡ ಮೇಲೆ ಮನೆಯವರು ದುಃಖದಲ್ಲಿ ಈ ಪೆಟ್ಟಿಗೆಯನ್ನು ಮರೆಯುವದು ಸ್ವಾಭಾವಿಕ. ಉಳಿದ ಗುಳಿಗೆಗಳನ್ನು ಕೊಟ್ಟ ದವಾಖಾನೆಗೇ ಮರಳಿಸುವ ಕೆಲಸವನ್ನು ಆಪ್ತರಲ್ಲೊಬ್ಬರು ತಾವಾಗಿ ವಹಿಸಿಕೊಂಡು, ದಿನಕರ್ಮಗಳು ಮುಗಿಯುವದರೊಳಗೆ ತೀರಿಸಿಬಿಡಬೇಕು.